ಇನ್ಸ್‌ಪೆಕ್ಟರ್ ಸಾಹೇಬರ ಹಿಂದಿನ ಸೀಟು

ನಮ್ಮ ಇನ್ಸ್‌ಪೆಕ್ಟರ್ ಸಾಹೇಬರು ಇನ್ಸ್‌ಪೆಕ್ಟರ್ ಅಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಯಾರೂ ನನ್ನ ಮೇಲೆ ತಪ್ಪು ಹೊರಿಸಬಾರದು. ನಗರಸಭೆಯ ಆರೋಗ್ಯ ಶಾಖೆಯಲ್ಲಿ ಬರುವ ಟಪಾಲಿಗೆ ಮುದ್ರೆ ಒತ್ತುವುದು, ಹೋಗುವ ಟಪಾಲಿಗೆ ಅಂಟು ಹಚ್ಚುವುದು ಅವರ ಉದ್ಯೋಗ. ಒಮ್ಮೆ ಬೀದಿ ಮೂಲೆಯ ಹೋಟೆಲಿನಲ್ಲಿ ಕಾಫಿ ಲೋಟದೊಳಗೆ ಇಣುಕಿ, ಸಕ್ಕರೆ ಕರಗಿಲ್ಲವಲ್ಲ ಎಂದು ಹುಬ್ಬು ಗಂಟಿಕ್ಕಿದರು. ಗಲ್ಲಾದ ಮೇಲೆ ಕೂತಿದ್ದವನು ಓಡಿಬಂದು ಲೋಟ ಬದಲಿಸಿ ಕೈಮುಗಿದ. ಅಂದಿನಿಂದ ಬೀದಿಗೆಲ್ಲ ಅವರು ಇನ್ಸ್‌ಪೆಕ್ಟರ್ ಸಾಹೇಬರು. ಅದನ್ನು ಅವರು ಒಪ್ಪಿಕೊಂಡವರಲ್ಲ, ಅಲ್ಲಗಳೆದವರೂ ಅಲ್ಲ. ಯಾರಾದರೂ ಹಾಗೆ ಕರೆದರೆ ಗಂಟಲು ಸರಿಮಾಡಿಕೊಂಡು ಮುಂದೆ ನಡೆಯುತ್ತಿದ್ದರು.

ಸಾಹೇಬರು ಮನೆಅಳಿಯ. ಮನೆ ಅತ್ತೆಯವರದು, ಹಿತ್ತಲಿನ ಶೆಡ್ಡು ಅತ್ತೆಯವರದು, ಶೆಡ್ಡಿನೊಳಗಿನ ಹಳೇ ಕಾರೂ ಅತ್ತೆಯವರದು. ಮಾವನವರು ತಮ್ಮ ಮದುವೆಯ ಕಾಲದಲ್ಲಿ ಕಾರ್ಖಾನೆಗೆ ಹೇಳಿ ತರಿಸಿದ್ದ ದಂತದ ಬಣ್ಣದ ದೊಡ್ಡ ಕಾರು ಅದು. ಅವರು ತೀರಿಕೊಂಡ ಮೇಲೆ ಬೀದಿಯ ಬೆಕ್ಕುಗಳೆಲ್ಲ ಅದರ ಬಾನೆಟ್ಟಿನ ಮೇಲೆಯೇ ಸಂಸಾರ ಹೂಡಿದ್ದವು. ಸಾಹೇಬರು ಬೆಕ್ಕುಗಳನ್ನು ಎಬ್ಬಿಸಿದರು, ಎಂಜಿನ್ ಬಿಚ್ಚಿಸಿ ಕಟ್ಟಿಸಿದರು, ಮೈಗೆ ಬಣ್ಣ ಹೊಡೆಸಿದರು. ಭಾನುವಾರಗಳನ್ನೆಲ್ಲ ಅದಕ್ಕೇ ಧಾರೆಯೆರೆದರು. ಹೆಂಡತಿ ಹೊಸ ಸೀರೆ ಕೇಳಿದಾಗ ಇರುವ ಸೀರೆ ಹರಿದಿದೆಯಾ ಎಂದು ಕೇಳಿದ ಮನುಷ್ಯ, ಕಾರಿನ ಗಾಜು ಒರೆಸಲು ಮಲ್‌ಮಲ್ ಬಟ್ಟೆಯನ್ನೇ ತಂದರು. ಒಳಗೆ ಅಡ್ಡಲಾಗಿ ಹಗ್ಗ ಕಟ್ಟಿ, ‘ಕೂರಬಾರದು’ ಎಂದು ಬರೆದ ಬೋರ್ಡನ್ನೂ ತೂಗಿಹಾಕಿದರು.

ಒಂದು ಮಧ್ಯಾಹ್ನ ಅತ್ತೆಯವರು ಹಗ್ಗ ಸರಿಸಿ ಹಿಂದಿನ ಸೀಟಿನಲ್ಲಿ ಕುಳಿತಿದ್ದರು. ಸಾಹೇಬರು ಬಹಳ ವಿನಯದಿಂದ, ನೋಡುವುದಾದರೆ ಹೊರಗಿನಿಂದ ನೋಡಬಹುದಲ್ಲ ಎಂದರು. ಅತ್ತೆಯವರು ಒಂದು ಮಾತೂ ಆಡದೆ ಎದ್ದು ಹೋದರು. ಅತ್ತೆಯವರು ಮಾತಾಡದೆ ಎದ್ದರೆ ಅದು ಒಳ್ಳೆಯ ಲಕ್ಷಣವಲ್ಲ ಎಂಬುದು ಅವರ ಮಗಳಿಗೆ ಗೊತ್ತಿತ್ತು. ಅಳಿಯಂದಿರಿಗೆ ಗೊತ್ತಿರಲಿಲ್ಲ.

ಆ ಕಾರಿನ ಮೇಲೆ ಇನ್ನೊಬ್ಬರ ಕಣ್ಣೂ ಇತ್ತು. ಅತ್ತೆಯವರ ಚಿಕ್ಕ ಅಳಿಯ, ಎಂದರೆ ಸಾಹೇಬರ ಷಡ್ಡಕ, ಅದೇ ಬೀದಿಯ ಕೊನೆಯಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದ. ಕಾರಿನ ಮೇಲ್ಛಾವಣಿ ಕತ್ತರಿಸಿ ತೆಗೆದು, ಒಳಗೊಂದು ದಪ್ಪ ಹಾಸಿಗೆ ಹಾಸಿ, ಅಂಗಡಿಯ ಮುಂದೆ ಜಾಹೀರಾತಿಗೆ ನಿಲ್ಲಿಸಬೇಕೆಂಬುದು ಅವನ ಬಹುದಿನದ ಕನಸು. ಇಬ್ಬರೂ ಕೇಳಿ ಕೇಳಿ ತಲೆ ತಿನ್ನಲು ಅತ್ತೆಯವರು ತೀರ್ಪು ಕೊಟ್ಟರು. ಮೈದಾನದಲ್ಲಿ ನಡೆಯಲಿರುವ ಹಳೇ ಕಾರುಗಳ ಪ್ರದರ್ಶನದಲ್ಲಿ ಕಾರು ಮೊದಲ ಸಾಲಿನಲ್ಲಿ ನಿಂತರೆ ದೊಡ್ಡ ಅಳಿಯನಿಗೆ. ಇಲ್ಲದಿದ್ದರೆ ಚಿಕ್ಕವನಿಗೆ, ಗರಗಸದ ಸಮೇತ.

ಮೊದಲ ಸಾಲು ಯಾರಿಗೆ ಎಂಬುದನ್ನು ನಿರ್ಧರಿಸುವವರು ಹಳೇ ಕಾರು ಸಂಘದ ಕಾರ್ಯದರ್ಶಿ, ಹಲ್ಲಿನ ಡಾಕ್ಟರು. ಅವರು ಕಾರನ್ನೂ ಬಾಯಿಯಂತೆಯೇ ನೋಡುವವರು. ಬಾಗಿಲು ತೆರೆಸಿ, ಟಾರ್ಚು ಬಿಟ್ಟು, ಕೋಲಿನ ತುದಿಯ ಪುಟ್ಟ ಕನ್ನಡಿಯನ್ನು ಸೀಟಿನ ಅಡಿಗೆ ಆಡಿಸಿ ತಲೆಯಲ್ಲಾಡಿಸಿದರು. ಎಂಜಿನ್ ಸರಿ, ಮೈ ಸರಿ, ಆದರೆ ಒಳಗಿರುವುದೆಲ್ಲ ಕಟ್ಟಿಸಿದ ಹಲ್ಲು ಎಂದರು. ಈ ಕೆಂಪು ರೆಕ್ಸಿನ್ ಸೀಟು ಕಾರ್ಖಾನೆಯದಲ್ಲ. ಈ ಕಾರಿಗೆ ಇರಬೇಕಾದದ್ದು ನೀಲಿಹಸಿರು ಚರ್ಮದ ಹಿಂದಿನ ಸೀಟು, ಒಳಗೆ ಕುದುರೆ ಕೂದಲು, ಅಡಿಯಲ್ಲಿ ಹಿತ್ತಾಳೆ ಬಿಲ್ಲೆ. ಅದಲ್ಲದೆ, ಸಂಘದಲ್ಲಿರುವ ಕಾರ್ಖಾನೆ ದಾಖಲೆಯಂತೆ, ಕೊಂಡವರು ಮೊದಲೇ ಹೇಳಿ ಹಾಕಿಸಿಕೊಂಡಿದ್ದ ಮೂರು ವಿಶೇಷಗಳು ಬೇರೆ: ಡ್ಯಾಶ್‌ಬೋರ್ಡಿಗೆ ಗಡಿಯಾರ, ಹಿಂದೆ ಓದಲು ಪುಟ್ಟ ದೀಪ, ಸೀಟಿನ ಬೆನ್ನಿನ ನಡುವಿನಿಂದ ಕೆಳಗಿಳಿಸುವ ಕೈಯಾಸರೆ.

“ಇವೆಲ್ಲ ಇದ್ರೆ ಮೊದಲ ಸಾಲು. ಇಲ್ದಿದ್ರೆ ಗೇಟಿನ ಹತ್ರ, ನೀರಿನ ಡ್ರಮ್ಮಿನ ಪಕ್ಕ” ಎಂದು ಹೇಳಿ ಡಾಕ್ಟರು ಕೈತೊಳೆಯಲು ನೀರು ಕೇಳಿದರು.

ಸಾಹೇಬರು ನೇರವಾಗಿ ಅತ್ತೆಯವರ ಬಳಿಗೆ ಓಡಿದರು. ಅತ್ತೆಯವರು ನಡುಮನೆಯ ತಮ್ಮ ಸೋಫಾದ ಮೇಲೆ, ಯಾವಾಗಲೂ ಕೂರುವ ಜಾಗದಲ್ಲೇ ಕುಳಿತಿದ್ದರು. ಇಟ್ಟಿಗೆಯ ಮೇಲೆ ಎತ್ತರಿಸಿ, ದಪ್ಪ ಹೂವಿನ ಚಾದರ ಹೊದಿಸಿದ ಸೋಫಾ ಅದು. ಸಾಹೇಬರು ದಿನಾ ಬೆಳಿಗ್ಗೆ ಅದರ ತುದಿಯಲ್ಲೇ ಕುಳಿತು ಸಾಕ್ಸ್ ಹಾಕಿಕೊಂಡು, ಎಡಗಾಲಿನ ಮೀನಖಂಡ ಕೆರೆದುಕೊಳ್ಳುತ್ತಾ ಆಫೀಸಿಗೆ ಹೋಗುತ್ತಿದ್ದದ್ದು. ಸಾಕ್ಸ್ ಕಂಪನಿಗಳ ಮೇಲೆ ಅವರಿಗೆ ವರ್ಷಗಳಿಂದ ಸಿಟ್ಟಿತ್ತು. ಎಷ್ಟು ಬಗೆ ಬದಲಾಯಿಸಿದರೂ ತುರಿಕೆ ಹೋಗಿರಲಿಲ್ಲ.

ಹಳೇ ಸೀಟು ಎಲ್ಲಿ ಎಂದು ಕೇಳಿದ್ದಕ್ಕೆ ಅತ್ತೆಯವರು ಕನ್ನಡಕ ಒರೆಸಿಕೊಂಡರು. ದೊಡ್ಡ ಮಗಳ ಮದುವೆಗೆಂದು, ಎಂದರೆ ಇದೇ ಅಳಿಯ ಬರುತ್ತಾನೆಂದು, ಮಾವನವರು ಒಳಗೆಲ್ಲ ಹೊಸದು ಮಾಡಿಸಿದ್ದರಂತೆ.

“ಹಳೇದನ್ನೆಲ್ಲ ಕೊಟ್ಟುಬಿಟ್ವಿ ಅಳಿಯಂದ್ರೇ. ಗಡಿಯಾರ, ದೀಪ ಬೀದಿಯವರು ಯಾರೋ ತಗೊಂಡ್ರು.”

“ಸೀಟು?”

“ಅದನ್ನೂ ಕೊಟ್ಟಾಯ್ತು” ಎಂದು ಅತ್ತೆಯವರು ಚಾದರದ ಸುಕ್ಕು ನೀವಿದರು.

ಸಾಹೇಬರು ಅಂದೇ ಶೋಧ ಆರಂಭಿಸಿದರು. ಆದರೆ ಗುಟ್ಟಾಗಿ. ಸೀಟಿಗಾಗಿ ಹುಡುಕುತ್ತಿರುವುದು ಬೀದಿಗೆ ಗೊತ್ತಾದರೆ ಷಡ್ಡಕನಿಗೂ ಗೊತ್ತಾಗುತ್ತದೆ, ಅವನು ಮೊದಲೇ ಪತ್ತೆಮಾಡಿ ಹೊಲಿಗೆ ಬಿಚ್ಚಿ ಹಾಕಿಬಿಡುತ್ತಾನೆ. ಆದ್ದರಿಂದ ಕಾರಣ ಹೇಳದೆ ನೋಡಬೇಕು, ಕೇಳಿದರೆ ನಗಬೇಕು ಎಂದು ತೀರ್ಮಾನಿಸಿದರು. ಟಾರ್ಚು, ಒಂದು ಚಿಮುಟ, ಸಿಕ್ಕಿದ ಕೂದಲನ್ನು ಡಾಕ್ಟರಿಗೆ ತೋರಿಸಲು ಒಂದು ಖಾಲಿ ಬೆಂಕಿಪೊಟ್ಟಣ ಜೇಬಿಗೆ ಹಾಕಿಕೊಂಡು ಹೊರಟರು. ಲೋಕದಲ್ಲಿ ಇದಕ್ಕಿಂತ ಕೆಟ್ಟ ಉಪಾಯವನ್ನು ಇದಕ್ಕಿಂತ ಶ್ರದ್ಧೆಯಿಂದ ಯಾರೂ ಮಾಡಿರಲಾರರು.

ಮೊದಲು ಹೊಕ್ಕಿದ್ದು ಕ್ಷೌರದಂಗಡಿಗೆ. ಅಲ್ಲಿ ಗಿರಾಕಿಗಳು ಕಾಯುವ ಮೆತ್ತೆ ಹಾಕಿದ ಬೆಂಚಿತ್ತು. ಕ್ಷೌರಿಕ ಒಬ್ಬರ ಅರ್ಧ ಗಡ್ಡ ತೆಗೆದಿದ್ದ. ಸಾಹೇಬರು ಬೆಂಚಿನ ಮೇಲಿದ್ದವರನ್ನು ಏಳಿಸಿ, ಮಂಡಿಯೂರಿ, ಟಾರ್ಚು ಹಿಡಿದು ಅಡಿಯನ್ನೆಲ್ಲ ನೋಡಿದರು. ಹರಿದ ಮೂಲೆಯೊಳಗೆ ಚಿಮುಟ ಹಾಕಿ ಏನನ್ನೋ ಎಳೆದರು, ಬೆಳಕಿಗೆ ಹಿಡಿದರು, ಮೂಸಿ ನೋಡಿದರು, ಬೆಂಕಿಪೊಟ್ಟಣಕ್ಕೆ ಹಾಕಿ ಮುಚ್ಚಿದರು.

“ಏನು ಸಾಹೇಬ್ರೇ, ತಿಗಣೆನಾ?” ಎಂದು ಕ್ಷೌರಿಕ ಕತ್ತಿ ಹಿಡಿದುಕೊಂಡೇ ಬಗ್ಗಿ ಕೇಳಿದ.

ಸಾಹೇಬರು ತೀರ್ಮಾನದಂತೆ ನಕ್ಕರು. ಆರೋಗ್ಯ ಶಾಖೆಯವರು ಅಂಥ ಪ್ರಶ್ನೆಗೆ ಹಾಗೆ ನಕ್ಕರೆ ಯಾರ ಜೀವ ತಾನೇ ನಿಂತೀತು. ಏಳುವಾಗ ಅವರ ಕಣ್ಣು ಗೋಡೆಯ ಮೇಲೆ ಬಿತ್ತು. ಕನ್ನಡಿಯ ಪಕ್ಕದಲ್ಲಿ ದುಂಡಗಿನ ಪುಟ್ಟ ಗಡಿಯಾರ, ಅದರ ಮುಖದ ಮೇಲೆ ಕಾರಿನದೇ ಗುರುತು. ಸಾಹೇಬರು ದನಿ ತಗ್ಗಿಸಿ, ಆ ಗಡಿಯಾರ ನನಗೆ ಬೇಕಲ್ಲ ಎಂದರು. ಕ್ಷೌರಿಕನಿಗೆ ಎಲ್ಲವೂ ಅರ್ಥವಾಗಿಹೋಯಿತು. ಗಡಿಯಾರ ಕಿತ್ತು ಪೇಪರಿನಲ್ಲಿ ಸುತ್ತಿ, ಈ ವಿಷಯ ನಮ್ಮಿಬ್ಬರಲ್ಲೇ ಇರಲಿ ಎಂದು ಎರಡೂ ಕೈಯಿಂದ ಕೊಟ್ಟ. ಬೀದಿಯ ಜನ ಎಷ್ಟು ಒಳ್ಳೆಯವರು ಎಂದು ಸಾಹೇಬರಿಗೆ ಕಣ್ಣು ತುಂಬಿ ಬಂತು.

ಆಮೇಲೆ ಇಸ್ತ್ರಿ ಅಂಗಡಿ. ಅಲ್ಲಿ ಸೀಟು ಇರಲಿಲ್ಲ, ಆದರೆ ಇಸ್ತ್ರಿಯವನ ಮೇಜಿನ ಮೇಲೆ ದೀಪ ಸಿಕ್ಕಿತು. ಅವನೂ ಕೇಳಿದ ತಕ್ಷಣ ಕೊಟ್ಟ. ಅಷ್ಟರಲ್ಲಿ ಕ್ಷೌರದಂಗಡಿಯ ಸುದ್ದಿ ಅಲ್ಲಿಗೆ ಸಾಹೇಬರಿಗಿಂತ ಮೊದಲೇ ಬಂದು ಕುಳಿತಿತ್ತು. ಅರ್ಧ ಗಡ್ಡದ ಗಿರಾಕಿ ಹಾಗೇ ಎದ್ದು ಓಡಿದವರು ಸಿಕ್ಕಿದವರಿಗೆಲ್ಲ ಹೇಳಿದ್ದರು. ಬೆಂಕಿಪೊಟ್ಟಣಕ್ಕೆ ಹೋದದ್ದು ತಿಗಣೆಯ ಬರೀ ಕಾಲು. ಕಾಲೇ ಗೇಣುದ್ದ.

ಸುದ್ದಿಗೆ ರೆಕ್ಕೆಪುಕ್ಕ ಹುಟ್ಟಿತು. ಸಾಹೇಬರು ದರ್ಜಿಯ ಮನೆಯ ದಿವಾನ ಎತ್ತಿ ನೋಡಿದರು ಎಂದರು ಒಬ್ಬರು. ಸಂಗೀತದ ಟೀಚರ ಕುರ್ಚಿ ಮೂಸಿ ಮುಖ ಸಿಂಡರಿಸಿದರು ಎಂದರು ಇನ್ನೊಬ್ಬರು. ಎರಡೂ ನಿಜವೇ. ಮೂರು ಕಾಲಿನ ಸ್ಟೂಲನ್ನು ಬಿಟ್ಟರೆ ಆ ಬೀದಿಯಲ್ಲಿ ಕೂರುವ ವಸ್ತು ಯಾವುದನ್ನೂ ಅವರು ಬಿಡಲಿಲ್ಲ. ಮೈಯೆಲ್ಲ ಕಣ್ಣಾಗಿ ಹುಡುಕಿದರು, ಸೀಟು ಮಾತ್ರ ಇಲ್ಲ. ಅವರು ಹೋದ ಮನೆಯವರಿಗೆಲ್ಲ ಅದೇ ಗಳಿಗೆಯಿಂದ ಮೈ ತುರಿಸತೊಡಗಿತು. ಹೋಗದ ಮನೆಯವರಿಗೆ ಇನ್ನೂ ಹೆಚ್ಚು.

ಗಡಿಯಾರ ಕೊಟ್ಟವನನ್ನು ಸಾಹೇಬರು ಬಿಟ್ಟುಬಿಟ್ಟರು ಎಂಬುದೂ ಗುಟ್ಟಾಗಿ ಉಳಿಯಲಿಲ್ಲ. ಮರುದಿನ ಬೆಳಿಗ್ಗೆಯಿಂದ ಸಾಹೇಬರ ಮನೆಗೆ ಗಡಿಯಾರಗಳು ಬರತೊಡಗಿದವು. ಗೋಡೆ ಗಡಿಯಾರ, ಮೇಜಿನ ಗಡಿಯಾರ, ಅಲಾರಂ ಹೊಡೆಯುವ ಗಡಿಯಾರ, ಪ್ರತಿ ಗಂಟೆಗೂ ಹಕ್ಕಿ ಹೊರಗೆ ಬಂದು ಕೂಗುವ ಗಡಿಯಾರ. ತಂದವರು ಹೆಚ್ಚು ಮಾತಾಡುತ್ತಿರಲಿಲ್ಲ, ಸಾಹೇಬ್ರಿಗೆ ಹೇಳಿ ಅಕ್ಕಾ, ನಮ್ಮ ಮನೆ ಕ್ಲೀನಾಗಿದೆ ಎಂದಷ್ಟೇ ಹೇಳಿ ಇಟ್ಟುಹೋಗುತ್ತಿದ್ದರು. ಹೆಂಡತಿ ಮೊದಮೊದಲು ಸಂಕೋಚಪಟ್ಟು, ಆಮೇಲೆ ಮೊಳೆ ತರಿಸಿ ಗೋಡೆಗೆ ಸಾಲಾಗಿ ತೂಗುಹಾಕಿದಳು. ಮದುವೆಯಾದಂದಿನಿಂದ ಗಂಡನಿಗೆ ಇಷ್ಟು ಮರ್ಯಾದೆ ಅವಳು ಕಂಡಿರಲಿಲ್ಲ.

ಇನ್ನು ಷಡ್ಡಕ. ಅವನಿಗೆ ಏನಾಗುತ್ತಿದೆ ಎಂದು ತಿಳಿಯಲಿಲ್ಲ, ತಿಳಿಯುವ ಅಗತ್ಯವೂ ಬೀಳಲಿಲ್ಲ. ಹಳೇ ಹಾಸಿಗೆ, ಹಳೇ ಸೋಫಾ ತಂದುಕೊಟ್ಟರೆ ಹೊಸದಕ್ಕೆ ರಿಯಾಯಿತಿ ಎಂದು ಬೋರ್ಡು ಹಾಕಿದ. ಬೀದಿಗೆ ಬೀದಿಯೇ ತಲೆಯ ಮೇಲೆ ಸೋಫಾ ಹೊತ್ತು ಬಂತು. ಅಂಗಡಿಯ ಪಕ್ಕದ ಖಾಲಿ ಜಾಗದಲ್ಲಿ ಹಳೆಯದರ ರಾಶಿ ಮನೆಯೆತ್ತರ ಬೆಳೆಯಿತು. ನಗರಸಭೆಯವರು ಬಂದು ಬೆಂಕಿ ಹಾಕುತ್ತಾರೆ ಎಂದು ಯಾರೋ ಅಂದರು.

ಆ ಮಾತು ಸಾಹೇಬರ ಕಿವಿಗೆ ಬಿದ್ದದ್ದು ಆಫೀಸಿನಲ್ಲಿ, ಅಂಟಿನ ಡಬ್ಬಿಯ ಮುಂದೆ. ಸೀಟು ಯಾರ ಮನೆಯ ಮೂಲೆಯಲ್ಲಿತ್ತೋ, ಈಗ ಆ ರಾಶಿಯೊಳಗೆ ಸೇರಿಹೋಗಿರುತ್ತದೆ. ಅದು ಸುಟ್ಟರೆ ಕಾರು ಗರಗಸಕ್ಕೆ. ಟಪಾಲು ಅಲ್ಲೇ ಬಿಟ್ಟು ಓಡಿಬಂದು ರಾಶಿ ಹತ್ತಿದರು. ಕುರ್ಚಿ ಎಸೆದರು, ದಿಂಬು ಎಸೆದರು, ಹಾಸಿಗೆಯೊಳಗೆ ಸೊಂಟದವರೆಗೆ ಇಳಿದು ಕೈಯಾಡಿಸಿದರು. ಷಡ್ಡಕ ಕೆಳಗಿನಿಂದ, ಅಣ್ಣಾ, ಕೆಳಗಿಳಿ, ಏನಾದರೂ ಕಚ್ಚಿದರೆ ಅತ್ತಿಗೆಗೆ ನಾನೇನು ಹೇಳಲಿ ಎಂದು ಬೇಡಿಕೊಂಡ. ನೆರೆದ ಜನ ಮೂಗಿನ ಮೇಲೆ ಬೆರಳಿಟ್ಟರು. ಕರ್ತವ್ಯ ಎಂದರೆ ಹೀಗಿರಬೇಕು ಎಂದು ಸಂಗೀತದ ಟೀಚರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಗಲೇ ಆರೋಗ್ಯಾಧಿಕಾರಿಗಳ ಜೀಪು ಬಂತು. ಹಿಂದೆ ಔಷಧಿ ಪಂಪು ಬೆನ್ನಿಗೆ ಕಟ್ಟಿಕೊಂಡ ನಾಲ್ಕೈದು ಜನ. ಅಧಿಕಾರಿಗಳು ಇಳಿದು, ರಾಶಿಯ ತುದಿಯಲ್ಲಿ ಮೈತುಂಬ ಹತ್ತಿ ಮೆತ್ತಿಕೊಂಡು ನಿಂತಿದ್ದ ತಮ್ಮ ಗುಮಾಸ್ತನನ್ನು ಮೇಲಿನಿಂದ ಕೆಳಗೆ ನೋಡಿದರು.

“ಟಪಾಲು ಬಿಟ್ಟು ಅಲ್ಲೇನ್ರೀ ಮಾಡ್ತಿದೀರಿ?”

ಸಾಹೇಬರು ಬಾಯಿ ತೆರೆಯುವ ಮೊದಲೇ ಕ್ಷೌರಿಕ ಮುಂದೆ ಬಂದ. “ಸ್ವಾಮಿ, ಇನ್ಸ್‌ಪೆಕ್ಟರ್ ಸಾಹೇಬ್ರನ್ನ ಹಾಗೆಲ್ಲ ಮಾತಾಡಿಸ್ಬೇಡಿ. ಅವರಿಲ್ದಿದ್ರೆ ನಾವೆಲ್ಲ ಇಷ್ಟೊತ್ತಿಗೆ ರಕ್ತ ಖಾಲಿಯಾಗಿ ಬಿದ್ದಿರ್ತಿದ್ವಿ.”

ಅಧಿಕಾರಿಗಳು ‘ಇನ್ಸ್‌ಪೆಕ್ಟರ್’ ಎಂಬ ಪದವನ್ನು ಒಂದು ಸಲ ತಾವೇ ಮೆಲ್ಲಗೆ ಹೇಳಿ ನೋಡಿಕೊಂಡರು. ಸಾಹೇಬರು ಅಭ್ಯಾಸಬಲದಿಂದ ಗಂಟಲು ಸರಿಮಾಡಿಕೊಂಡರು, ಆಮೇಲೆ ಅದಕ್ಕಾಗಿ ಬಹಳ ಪಶ್ಚಾತ್ತಾಪಪಟ್ಟರು. ಅಧಿಕಾರಿಗಳು ಲೋಕ ಕಂಡವರು. ಇಷ್ಟು ಜನರ ಮುಂದೆ, ಇವನು ಅಂಟು ಹಚ್ಚುವವನು ಎಂದರೆ ತಮ್ಮ ಶಾಖೆಯ ಮಾನವೇ ಹೋಗುತ್ತದೆ. ಅವರು ಮೀಸೆಯ ಮರೆಯಲ್ಲಿ ನಕ್ಕು, ಹಾಗಾದರೆ ಔಷಧಿಯನ್ನು ಇನ್ಸ್‌ಪೆಕ್ಟರ್ ಸಾಹೇಬರ ಮನೆಯಿಂದಲೇ ಶುರುಮಾಡೋಣ, ಜನಕ್ಕೆ ಮಾದರಿಯಾಗುತ್ತದೆ ಎಂದರು. ಮೆರವಣಿಗೆ ಹೊರಟಿತು.

ಅಧಿಕಾರಿಗಳು ನಡುಮನೆಯ ಹೊಸಿಲು ದಾಟುವುದಕ್ಕೂ ಹನ್ನೊಂದು ಗಂಟೆಯಾಗುವುದಕ್ಕೂ ಸರಿಹೋಯಿತು. ಗೋಡೆಯ ಮೇಲಿನ ಗಡಿಯಾರಗಳು ಒಂದೊಂದಾಗಿ, ಯಾವುದೂ ಇನ್ನೊಂದನ್ನು ನಂಬದೆ, ಹನ್ನೊಂದು ಹೊಡೆಯತೊಡಗಿದವು. ಹಕ್ಕಿ ಹೊರಗೆ ಬಂದು ಅಧಿಕಾರಿಗಳ ಕಿವಿಯ ಪಕ್ಕದಲ್ಲೇ ಕೂಗಿತು. ಎಲ್ಲ ಮುಗಿಯುವವರೆಗೂ ಅವರು ಟೋಪಿ ಕೈಯಲ್ಲಿ ಹಿಡಿದು ಮೌನವಾಗಿ ನಿಂತಿದ್ದರು.

“ಇದೇನ್ರೀ?”

“ಸಮಯಪಾಲನೆ ಸಾರ್” ಎಂದರು ಸಾಹೇಬರು. ಬೇರೇನೂ ಹೊಳೆಯಲಿಲ್ಲ.

ಪಂಪಿನವರು ಅಡುಗೆಮನೆ, ಕೋಣೆಗಳಿಗೆಲ್ಲ ಹೊಡೆದು ನಡುಮನೆಗೆ ಬಂದರು. ಎಲ್ಲ ವಸ್ತುಗಳೂ ಜಾಗ ಬಿಟ್ಟವು, ಅತ್ತೆಯವರು ಬಿಡಲಿಲ್ಲ. ಮಗಳು ಬೇಡಿದಳು, ಅಧಿಕಾರಿಗಳು ಅಮ್ಮಾ ಎಂದರು, ಪಂಪಿನವನು ಕೈಮುಗಿದ. ಹೊಡೆಯುವುದಾದರೆ ನನ್ನ ಮೇಲೇ ಹೊಡೀರಿ ಎಂದು ಅತ್ತೆಯವರು ಸೋಫಾದ ಮೇಲೆ ಇನ್ನಷ್ಟು ಅಗಲವಾಗಿ ಕುಳಿತರು. ಅಷ್ಟರಲ್ಲಿ ಅಡುಗೆಮನೆಯ ಔಷಧಿಯ ಘಾಟು ನಡುಮನೆಗೆ ನುಗ್ಗಿತು. ಅತ್ತೆಯವರು ಕೆಮ್ಮಿ, ಕೈಗೆ ಸಿಕ್ಕಿದ ಚಾದರವನ್ನೇ ಎಳೆದು ಮೂಗಿಗೆ ಮುಚ್ಚಿಕೊಂಡರು.

ಚಾದರದ ಅಡಿಯಿಂದ ನೀಲಿಹಸಿರು ಚರ್ಮ ಹೊರಬಂತು. ಬೆನ್ನಿನ ನಡುವಿನಿಂದ ಕೈಯಾಸರೆ ತಾನಾಗಿಯೇ ಮೆಲ್ಲನೆ ಕೆಳಗಿಳಿಯಿತು. ಅದರ ಮೇಲೆ ಅತ್ತೆಯವರ ಕಾಫಿ ಲೋಟದ ಗುಂಡನೆಯ ಕಲೆ, ವರ್ಷಗಳದು.

ಸಾಹೇಬರು ಮಂಡಿಯೂರಿ ಅಡಿಗೆ ಟಾರ್ಚು ಬಿಟ್ಟರು. ಹಿತ್ತಾಳೆ ಬಿಲ್ಲೆ ಫಳಫಳ ಹೊಳೆಯುತ್ತಿತ್ತು. ಅವರು ಸೀಟನ್ನು ತಬ್ಬಿಕೊಂಡು ಗಳಗಳನೆ ಅತ್ತರು. ಔಷಧಿ ಹೆಚ್ಚಾಯಿತು ಎಂದುಕೊಂಡು ಅಧಿಕಾರಿಗಳು ಕಿಟಕಿ ತೆರೆಸಿದರು.

“ಕೊಟ್ಟಾಯ್ತು ಅಂದ್ರಲ್ಲ ಅತ್ತೆ” ಎಂದರು ಸಾಹೇಬರು, ಅಳು ನಿಂತ ಮೇಲೆ.

“ಕೊಟ್ಟೆ. ನನಗೇ ಕೊಟ್ಕೊಂಡೆ. ಈ ಸೀಟಲ್ಲಿ ಕೂತು ನಾನು ಈ ಮನೆಗೆ ಬಂದವಳು. ಮುಂದೆ ನಮ್ಮತ್ತೆ ಕೂರ್ತಿದ್ರು, ನನಗೆ ಹಿಂದೇನೇ ಜಾಗ. ನಿಮ್ಮ ಮಾವ ಕನ್ನಡೀಲಿ ನನ್ನ ನೋಡ್ಕೊಂಡು ಓಡಿಸೋರು, ಎರಡು ಸಲ ಕಂಬಕ್ಕೆ ಗುದ್ದಿದಾರೆ. ಅಂಥಾ ಕಾರಿಂದ ನೀವು ನನ್ನ ಏಳಿ ಅಂದ್ರಿ.”

ಸಾಹೇಬರಿಗೆ ನಿಜವಾಗಿಯೂ ನಾಚಿಕೆಯಾಯಿತು. ಎದ್ದು ಹಿತ್ತಲಿಗೆ ಹೋಗಿ ‘ಕೂರಬಾರದು’ ಬೋರ್ಡನ್ನು ಕಿತ್ತು ತಂದು ಅತ್ತೆಯವರ ಕಾಲ ಬಳಿ ಇಟ್ಟರು. ಅತ್ತೆಯವರು ಅದನ್ನು ಸ್ವಲ್ಪ ಹೊತ್ತು ನೋಡಿ, ಒಲೆಗೆ ಆಗುತ್ತೆ ಎಂದರು. ಆಮೇಲೆ ತಮ್ಮ ಶರತ್ತು ಹೇಳಿದರು. ಸೀಟು ಕಾರಿಗೆ ಹೋಗಲಿ, ಆದರೆ ತಾನೂ ಅದರ ಮೇಲೆ ಕೂತೇ ಹೋಗುವವಳು. ಇನ್ನೊಂದು, ಅದರ ಮೇಲೆ ಒಂದು ಹನಿ ಔಷಧಿ ಬೀಳಬಾರದು, ಬಣ್ಣ ಹೋಗುತ್ತದೆ. ಸಾಹೇಬರು ಎರಡಕ್ಕೂ ಒಪ್ಪಿ, ಪಂಪಿನವರಿಗೂ ಸೀಟಿಗೂ ನಡುವೆ ತಾವೇ ಅಡ್ಡ ನಿಂತರು. ಆ ಸೀಟೊಂದನ್ನು ಬಿಟ್ಟು ಬೀದಿಯ ಸಮಸ್ತ ವಸ್ತುಗಳಿಗೂ ಅಂದು ಔಷಧಿ ಬಿತ್ತು. ಸಂಜೆಯ ಹೊತ್ತಿಗೆ ಅಧಿಕಾರಿಗಳು, ಬೀದಿಯಲ್ಲಿ ಒಂದೇ ಒಂದು ತಿಗಣೆಯೂ ಇಲ್ಲ, ಇದ್ದಿರಲೂ ಇಲ್ಲ ಎಂದು ಸಾರಿದರು. ಎಲ್ಲ ಇನ್ಸ್‌ಪೆಕ್ಟರ್ ಸಾಹೇಬರ ದಯೆ ಎಂದಿತು ಬೀದಿ.

ಪ್ರದರ್ಶನದ ದಿನ ಮೈದಾನದ ತುಂಬ ಜನ. ಗಡಿಯಾರ ಡ್ಯಾಶ್‌ಬೋರ್ಡಿನಲ್ಲಿತ್ತು, ದೀಪ ಹಿಂದೆ ಉರಿಯುತ್ತಿತ್ತು, ನೀಲಿಹಸಿರು ಸೀಟಿನಲ್ಲಿ ಅತ್ತೆಯವರು ಕೈಯಾಸರೆಯ ಮೇಲೆ ಕಾಫಿ ಲೋಟ ಇಟ್ಟುಕೊಂಡು ಕುಳಿತಿದ್ದರು. ಷಡ್ಡಕ ಬೇಲಿಯ ಆಚೆ ನಿಂತಿದ್ದ. ಪಾಪ, ಗರಗಸ ತಂದಿರಲಿಲ್ಲ, ಆದರೆ ಅಳತೆಪಟ್ಟಿ ತಂದಿದ್ದ.

ಹಲ್ಲಿನ ಡಾಕ್ಟರು ಬಂದು, ತಪಾಸಣೆಗೆ ಕಾರು ಖಾಲಿ ಇರಬೇಕು, ದಯವಿಟ್ಟು ಇಳಿಯಿರಿ ಎಂದರು. ಅತ್ತೆಯವರು ಕಾಫಿ ಕುಡಿದರು. ಡಾಕ್ಟರು ಸಾಹೇಬರ ಕಡೆ ತಿರುಗಿದರು. ಸಾಹೇಬರು ಒಂದು ಗಳಿಗೆ ಮೊದಲ ಸಾಲನ್ನು ನೋಡಿದರು, ಬೇಲಿಯ ಆಚೆಯ ಅಳತೆಪಟ್ಟಿಯನ್ನು ನೋಡಿದರು, ಆಮೇಲೆ ಹಿಂದಿನ ಸೀಟನ್ನು ನೋಡಿದರು.

“ಅವರು ಇಳಿಯೋದಿಲ್ಲ ಡಾಕ್ಟ್ರೇ. ನೀರಿನ ಡ್ರಮ್ಮಿನ ಪಕ್ಕ ನಿಲ್ಸಿ ಅಂದ್ರೂ ಪರವಾಗಿಲ್ಲ.”

ಜೀವಮಾನದಲ್ಲಿ ಅವರು ಗಂಟಲು ಸರಿಮಾಡಿಕೊಳ್ಳದೆ ಆಡಿದ ಮೊದಲ ಮಾತು ಅದು. ಡಾಕ್ಟರು ಯೋಚಿಸಿ, ಕೋಲಿನ ತುದಿಯ ಕನ್ನಡಿ ತೆಗೆದು, ಅತ್ತೆಯವರನ್ನು ಅಲುಗಾಡಿಸದೆಯೇ ಸೀಟಿನ ಅಡಿಗೆ ಆಡಿಸಿದರು. ಹಿತ್ತಾಳೆ ಬಿಲ್ಲೆ ಕಂಡಿತು. ಹೊಲಿಗೆ ಕಂಡಿತು. ಹರಿದ ಅಂಚಿನಲ್ಲಿ ಕುದುರೆ ಕೂದಲೂ ಕಂಡಿತು. ಇಷ್ಟು ಶುದ್ಧವಾದ ಒಳಾಂಗಣವನ್ನು ತಾನು ಕಂಡದ್ದೇ ಇಲ್ಲ ಎಂದು ಡಾಕ್ಟರು ಎಲ್ಲರಿಗೂ ಕೇಳುವಂತೆ ಹೇಳಿ ಮೊದಲ ಸಾಲಿನ ಪತ್ರಕ್ಕೆ ಸಹಿ ಹಾಕಿದರು. ಬೇಲಿಯ ಆಚೆ ಷಡ್ಡಕ ಅಳತೆಪಟ್ಟಿಯನ್ನು ಸುತ್ತಿ ಜೇಬಿಗಿಟ್ಟ.

ಮೊದಲ ಸಾಲಿಗೆ ಆಯ್ಕೆಯಾದ ಕಾರಿನಲ್ಲಿ ಕಾರ್ಯದರ್ಶಿಗಳು ಮೈದಾನ ಸುತ್ತುವುದು ಸಂಘದ ಪದ್ಧತಿ. ಡಾಕ್ಟರು ಅತ್ತೆಯವರ ಪಕ್ಕದಲ್ಲಿ ಕುಳಿತು, ಜನರ ಕಡೆ ಕೈಬೀಸತೊಡಗಿದರು. ಅರ್ಧ ಸುತ್ತು ಕಳೆಯುವಷ್ಟರಲ್ಲಿ ಬೀಸುತ್ತಿದ್ದ ಕೈ ಕೆಳಗಿಳಿಯಿತು. ತೊಡೆ ಕೆರೆದುಕೊಂಡರು. ಆಮೇಲೆ ಬೆನ್ನು. ಆಮೇಲೆ ಎರಡೂ ಕೈಗಳಿಗೆ ಬಿಡುವೇ ಇಲ್ಲ. ಕಾರು ಓಡಿಸುತ್ತಿದ್ದ ಸಾಹೇಬರು ಕನ್ನಡಿಯಲ್ಲಿ ಇದನ್ನು ಕಂಡರು. ಅದೇ ಗಳಿಗೆಯಲ್ಲಿ ಅವರ ಎಡಗಾಲಿನ ಮೀನಖಂಡವೂ ತುರಿಸಿತು. ವರ್ಷಗಳಿಂದ ತಾವು ಬೈದ ಸಾಕ್ಸ್ ಕಂಪನಿಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದು, ಕಾಲು ತಾನಾಗಿಯೇ ಬ್ರೇಕಿನ ಮೇಲೆ ಬಿತ್ತು.

“ಏನಮ್ಮಾ ಇದು, ಈ ಸೀಟಲ್ಲಿ ಏನಿದೆ?” ಎಂದು ಡಾಕ್ಟರು ಚರ್ಮದ ಹೊಲಿಗೆಯಿಂದ ಏನನ್ನೋ ಎರಡು ಬೆರಳಲ್ಲಿ ಹಿಡಿದೆತ್ತಿ ಕೇಳಿದರು.

ಅತ್ತೆಯವರು ಕನ್ನಡಕ ಏರಿಸಿ ಹತ್ತಿರದಿಂದ ನೋಡಿದರು.

“ಇವೂ ಆವತ್ತಿನವೇ ಡಾಕ್ಟ್ರೇ” ಎಂದರು. “ನಾನು ಯಾವುದನ್ನೂ ಬದಲಾಯಿಸಿಲ್ಲ.”